ಅಂಬರಗುಬ್ಬಿ ಹುಲ್ಲಿನವರೆಗೆ ಇಳಿದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದಾಗ ಮಳೆಗೆ ಹೇಳಿ ಬರುವ ಅಭ್ಯಾಸ ಇರಲಿಲ್ಲ. ಕವಲು ಬಾಲದ ಅಂಬರಗುಬ್ಬಿಗೆ ಕೆಳಗೆ ಹಾರುವ ಅಭ್ಯಾಸವೂ ಇರಲಿಲ್ಲ. ಅದು ಮೋಡದ ಮಗ್ಗುಲಲ್ಲೇ ಇರುತ್ತಿತ್ತು.

ಪಡುವಣ ಕಡಲಿನ ಐರ್ಲೆಂಡ್ ಎಂಬ ದ್ವೀಪದಲ್ಲಿ ನೋರಾ ಅಜ್ಜಿ ಮತ್ತು ಮೊಮ್ಮಗಳು ಊನಾ ಇದ್ದರು. ಚಳಿಗಾಲ ಕಳೆದು ಮನೆಯಲ್ಲಿ ಉಳಿದದ್ದು ಒಂದೇ ಬುಟ್ಟಿ ಆಲೂಗಡ್ಡೆ. ಅದನ್ನು ತಿನ್ನುವಂತಿಲ್ಲ, ಅದು ಬಿತ್ತನೆಗೆ. ಅಜ್ಜಿ ಒಂದೊಂದು ಹೋಳಿಗೂ ಒಂದು ಮೊಳಕೆಯ ಕಣ್ಣು ಬರುವಂತೆ ಕೊಯ್ದಳು. ಊನಾ ಹೋಳುಗಳನ್ನು ಹುಲ್ಲಿನ ಮೇಲೆ ಹರವಿದಳು. ಕೊಯ್ದ ಮೈ ಒಣಗಿದರೆ ಹೋಳು ಮಣ್ಣಿನಲ್ಲಿ ಚಿಗುರುತ್ತದೆ. ನೆನೆದರೆ ಕೊಳೆಯುತ್ತದೆ. ಕೊಳೆತರೆ ಮುಂದಿನ ಚಳಿಗಾಲಕ್ಕೆ ಊಟವಿಲ್ಲ.

"ಅಜ್ಜೀ, ಮಳೆ ಬಂದ್ರೆ?"

"ಎಷ್ಟು ಸಲ ಕೇಳ್ತೀಯೇ! ಆ ಗುಡ್ಡ ನೋಡು, ಕೈ ಚಾಚಿದ್ರೆ ಸಿಗೋ ಹಾಗೆ ಕಾಣ್ತಿದೆ. ಇಂಥ ದಿನ ಎಲ್ಲಿಯ ಮಳೆ?" ಎಂದು ಅಜ್ಜಿ ಗೊಬ್ಬರಕ್ಕೆ ಕಡಲಪಾಚಿ ತರಲು ದಡಕ್ಕೆ ಹೋದಳು.

ಗುಡ್ಡ ಹಾಗೆ ಹತ್ತಿರ ಕಂಡರೇ ಮಳೆ ಬರುವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಮೇಲಿದ್ದ ಅಂಬರಗುಬ್ಬಿಗೆ ಕಡಲು ದಾಟಿ ಬರುತ್ತಿದ್ದ ಮಳೆ ಕಂಡಿತು. ಅದು ಹನಿಗಳ ನಡುವೆಯೇ ನುಗ್ಗಿ ಮಳೆಯನ್ನು ಮಾತಾಡಿಸಿತು.

"ಮಳೆಯಣ್ಣಾ, ಸ್ವಲ್ಪ ತಡಿ. ಕೆಳಗೆ ಬಿತ್ತನೆ ಹರವಿದ್ದಾರೆ."

"ಇಷ್ಟು ನೀರು ಹೊತ್ಕೊಂಡು ನಿಲ್ಲೋಕಾಗುತ್ತಾ? ನೀನು ಹೊರ್ತೀಯಾ?" ಎಂದಿತು ಮಳೆ.

ಗುಬ್ಬಿ ಅಲ್ಲಿಂದಲೇ ಕೂಗಿತು, "ಊನಾ, ಮಳೆ!" ಗಾಳಿ ಆ ಕೂಗನ್ನು ಎಳೆದುಕೊಂಡು ಓಡಿತು. ಗುಬ್ಬಿ ಇನ್ನಷ್ಟು ಇಳಿದು ಕೂಗಿತು. ಗಾಳಿ ಅದನ್ನೂ ಎಳೆದುಕೊಂಡು ಓಡಿತು.

"ಗಾಳಿಯಕ್ಕಾ, ಒಂದು ಮಾತಾದ್ರೂ ಬಿಡೇ!"

"ಮಳೆಗಿಂತ ಮುಂದೆ ಓಡೋಳು ನಾನು. ಸಿಕ್ಕಿದ್ದೆಲ್ಲ ನನ್ನ ಜೊತೇಲೇ ಬರುತ್ತೆ!"

ಗುಬ್ಬಿ ಕೆಳಗೆ ನೋಡಿತು. ನೆಲದ ಹತ್ತಿರ ಅದು ಎಂದೂ ಹೋದದ್ದಿಲ್ಲ. ಅಲ್ಲಿ ಬೆಕ್ಕಿದೆ. ಆದರೂ ಇಳಿಯಿತು, ಇನ್ನೂ ಇಳಿಯಿತು, ಹುಲ್ಲಿನ ತುದಿ ಹೊಟ್ಟೆಗೆ ತಾಗುವಷ್ಟು ಇಳಿಯಿತು.

"ಹೋಗ್ ಹೋಗ್! ನಮ್ಮ ಬಿತ್ತನೆ ತಿನ್ನೋಕೆ ಬಂದ್ಯಾ, ಕಳ್ಳಿ?" ಊನಾ ಬುಟ್ಟಿ ಬೀಸಿದಳು. ಗುಬ್ಬಿ ಹೋಗಲಿಲ್ಲ. ಅವಳ ಮೊಣಕಾಲ ಸುತ್ತಲೇ ಸುತ್ತಿತು. ಅದರ ರೆಕ್ಕೆ ಅವಳ ಕೈ ಸವರಿತು.

ರೆಕ್ಕೆ ಒದ್ದೆ!

ಇಂಥ ಬಿಸಿಲಲ್ಲಿ ಒದ್ದೆ ಎಲ್ಲಿಂದ? ಊನಾ ಕಡಲ ಕಡೆ ತಿರುಗಿದಳು. ಅಲ್ಲಿಂದ ಮಳೆ ಕಪ್ಪಗೆ ಬರುತ್ತಿತ್ತು. "ಅಜ್ಜೀ! ಓಡಿ ಬಾ!"

ಇಬ್ಬರೂ ಬಾಚಿ ಬಾಚಿ ಬುಟ್ಟಿಗೆ ತುಂಬಿದರು. ಅಂಚಿನಲ್ಲಿದ್ದ ಒಂದಷ್ಟು ಹೋಳು ನೆನೆದೇ ಹೋದವು. ಉಳಿದವು ಒಣಗಿ, ಮಣ್ಣು ಸೇರಿ, ಚಿಗುರಿದವು.

ಗಾಳಿ ಇಂದಿಗೂ ಗುಬ್ಬಿಯ ಕೂಗನ್ನು ಬಿಟ್ಟುಕೊಡುವುದಿಲ್ಲ. ಅದಕ್ಕೇ ಪುಟ್ಟಾ, ಮಳೆಗೆ ಮುಂಚೆ ಅಂಬರಗುಬ್ಬಿ ಹುಲ್ಲು ಸವರಿಕೊಂಡು ಹಾರುತ್ತದೆ. ನೀನು ತಲೆಯೆತ್ತಿ ಮೋಡ ನೋಡುವವರೆಗೂ ಹಾರುತ್ತಲೇ ಇರುತ್ತದೆ.