ಗಾಲಿಯ ಮೇಲೆ ಒಂದು ಗೇಣು

ಬೆಟ್ಟ ಹತ್ತುವ ಜೀಪಿಗೆ ಹೊಸ ಮಡ್‌ಗಾರ್ಡ್ ಬೇಕಿತ್ತು. ಗ್ಯಾರೇಜಿನಲ್ಲಿದ್ದ ಎರಡು ಮಡ್‌ಗಾರ್ಡ್‌ಗಳು ಮುಂದೆ ಬಂದವು.

“ನಾನು ಗಾಲಿಯನ್ನು ತಬ್ಬಿಕೊಂಡೇ ಇರುತ್ತೇನೆ. ಒಂದು ಹನಿ ಕೆಸರೂ ಸಿಡಿಯದು,” ಎಂದಿತು ತಗ್ಗಿನದು.

“ನಾನು ಒಂದು ಗೇಣು ಮೇಲೆ ನಿಲ್ಲುತ್ತೇನೆ. ಕೆಸರು ಸಿಡಿಯುತ್ತದೆ, ಸುಳ್ಳು ಹೇಳಲಾರೆ,” ಎಂದಿತು ಎತ್ತರದ್ದು.

ಜೀಪಿನ ಬಾನೆಟ್ಟಮ್ಮನಿಗೆ ತನ್ನ ಹೊಳಪಿನದೇ ಚಿಂತೆ. “ತಬ್ಬಿಕೊಳ್ಳುವವನೇ ಇರಲಿ,” ಎಂದಳು. ಗಾಲಿಗೆ ಆಗಲೇ ಉಸಿರು ಕಟ್ಟಿದಂತಾಯಿತು.

ಮೊದಲ ಏರಿನಲ್ಲೇ ತಗ್ಗಿನ ಮಡ್‌ಗಾರ್ಡಿನೊಳಗೆ ಕೆಸರು ತುಂಬಿ ಗಾಲಿ ತಿರುಗದಾಯಿತು. ಜೀಪನ್ನು ಎತ್ತುಗಳು ಎಳೆದು ತಂದವು. ಬಾನೆಟ್ಟಮ್ಮ ನಾಚಿಕೊಂಡು, “ಎತ್ತರದವನನ್ನೇ ಕರೆಯಿರಿ,” ಎಂದಳು.

ಮರುದಿನ ಗಾಲಿ ಕೆಸರು ಹಾರಿಸುತ್ತ ಬೆಟ್ಟದ ತುದಿ ಮುಟ್ಟಿತು.

“ಅಯ್ಯೋ, ನನ್ನ ಮುಖ!” ಎಂದಳು ಬಾನೆಟ್ಟಮ್ಮ.

“ತೊಳೆದರೆ ಹೋಗುತ್ತೆ ಬಿಡಮ್ಮ. ಮೊದಲು ಕೆಳಗಿನ ಕಣಿವೆ ನೋಡು,” ಎಂದಿತು ಗಾಲಿ.

ನೋಡುತ್ತ ನೋಡುತ್ತ ಬಾನೆಟ್ಟಮ್ಮ ಮುಖ ತೊಳೆಯುವುದನ್ನೇ ಮರೆತಳು.