ಹಿತ್ತಲಲ್ಲಿ ಚೆಲ್ಲಿದ ಬೂದಿ

ಪೂಜ್ಯ ಶ್ರೀ ಅಡಿವೆಯ್ಯಜ್ಜನವರ ಮಠವೆಂದರೆ ಕೆರೆದಂಡೆಯ ಮೇಲೆ ಒಂದು ತಗಡಿನ ಕೋಣೆ, ಒಂದು ಕಂಬಳಿ, ಒಂದು ಜೋಳಿಗೆ. ಅಷ್ಟೇ. ಜೋಳಿಗೆ ಹರಿದರೆ ತಾವೇ ಸೂಜಿ ಹಿಡಿದು ಹೊಲಿದುಕೊಳ್ಳುತ್ತಿದ್ದರು. ಶ್ರಾವಣ ಬಂತೆಂದರೆ ದಿನಕ್ಕೆ ಐದು ಮನೆಯ ಭಿಕ್ಷೆ. ಆರನೆಯ ಬಾಗಿಲಿಗೆ ಹೋದವರಲ್ಲ. ಅಜ್ಜನವರ ಪವಾಡ ಹೇಳಿರೆಂದು ಕೆಲವರು ನನ್ನ ಜೀವ ತಿನ್ನುತ್ತಾರೆ. ಅಂಥವರಿಗೆ ಈ ಹಿತ್ತಲಿನ ಪ್ರಸಂಗವನ್ನೇ ಹೇಳುತ್ತೇನೆ. ಇದರಲ್ಲಿ ಪವಾಡವೆಲ್ಲಿದೆ ಎನ್ನುವವರು ಎನ್ನಲಿ, ನನಗೇನೂ ಸಿಟ್ಟಿಲ್ಲ. ಸ್ವಲ್ಪ ಇದೆ.

ಆ ವರ್ಷ ಹೊಸ ಬಡಾವಣೆಯಲ್ಲಿ ಬಸವಣ್ಣೆಪ್ಪ ಮಾಸ್ತರರು ಮನೆ ಕಟ್ಟಿಸಿಕೊಂಡು ಬಂದಿದ್ದರು. ಗಣಿತ ಕಲಿಸಿ ನಿವೃತ್ತರಾದವರು. ಸ್ವಾಮಿಗಳೆಂದರೆ ಮೂಗು ಮುರಿಯುವವರು. ಮಳೆ ಬಿದ್ದದ್ದೇ ತಡ, ಹಿತ್ತಲಲ್ಲಿ ಕಾಂಗ್ರೆಸ್ ಕಸ ಎದೆಮಟ್ಟ ಎದ್ದು ನಿಂತಿತ್ತು. ಅದನ್ನೆಲ್ಲ ಜೆಸಿಬಿಯಿಂದ ಕೆರೆಸಿ, ಇಟ್ಟಿಗೆ ಕಟ್ಟಿಸಿ, ಮಣ್ಣು ಗೊಬ್ಬರ ತುಂಬಿಸಿ, ಎತ್ತರದ ಮಡಿಗಳಲ್ಲಿ ಕಾಯಿಪಲ್ಯ ಬೆಳೆಯಬೇಕೆಂದು ಮಾಸ್ತರರ ಹವಣಿಕೆ. ಅಲ್ಲಿಯದು ಕಪ್ಪು ಯರಿಮಣ್ಣು. ನೀರು ನಿಂತು ಬೇರು ಕೊಳೆಯಬಾರದೆಂದು ಏರುಮಡಿ.

ಆದರೆ ನಿಜವಾದ ಕಾರಣ ಅವರ ಮನೆಯವರಾದ ಶಿವಗಂಗವ್ವನವರ ಕೊರಗು. ಆ ತಾಯಿ ತವರಿನಿಂದ ತಂದ ಜವಾರಿ ಬೀಜಗಳನ್ನು ನಲವತ್ತು ವರ್ಷ ಕಾಪಾಡಿಕೊಂಡು ಬಂದಿದ್ದರು. ಹೀರೆ, ಅವರೆ, ಬದನೆ. ಹುಳ ಹಿಡಿಯದಂತೆ ಬೂದಿಯಲ್ಲಿ ಹುದುಗಿಸಿ, ಗಡಿಗೆಯ ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದರು. ತವರಿನವರು ಯಾರೂ ಉಳಿದಿರಲಿಲ್ಲ, ಆ ಬೀಜಗಳಷ್ಟೇ ಉಳಿದಿದ್ದವು. ಸಾಮಾನು ಇಳಿಸಿದ ದಿನ ಗಡಿಗೆ ಕಾಣೆಯಾಯಿತು. ಹಮಾಲರು ಒಡೆದು ಹಾಕಿದರೆಂದು ಮಾಸ್ತರರು ಹೇಳಿದರು. ಅಂದಿನಿಂದ ಶಿವಗಂಗವ್ವನವರು ಹಿಂಬಾಗಿಲು ತೆಗೆದವರಲ್ಲ, ಗಂಡನೊಡನೆ ನೆಟ್ಟಗೆ ನಾಲ್ಕು ಮಾತಾಡಿದವರಲ್ಲ.

ನಾಳೆ ಜೆಸಿಬಿ ಬರಬೇಕು ಎನ್ನುವ ಹೊತ್ತಿಗೆ ಅಜ್ಜನವರು ಭಿಕ್ಷೆಗೆ ಆ ಬಾಗಿಲಿಗೆ ಬಂದರು. ಶಿವಗಂಗವ್ವನವರು ಹಿಟ್ಟು ತರಲು ಒಳಗೆ ಹೋದರು. ಮಾಸ್ತರರು ಸುಮ್ಮನಿರಬೇಕಲ್ಲ! ಅಳತೆ ಹಾಕಿ ಗೆರೆ ಎಳೆದ ದೊಡ್ಡ ಹಾಳೆಯನ್ನು ಕಟ್ಟೆಯ ಮೇಲೆ ಹರವಿಯೇ ಬಿಟ್ಟರು.

“ನೋಡ್ರಿ ಅಜ್ಜಾರ, ಆರು ಮಡಿ. ನಡುವ ಅಡ್ಡಾಡಾಕ ಎರಡಡಿ ದಾರಿ. ಇದು ಲೆಕ್ಕದ ಕೆಲಸ, ಮಂತ್ರದ್ದಲ್ಲ.”

ಅಜ್ಜನವರು ಹಾಳೆಯನ್ನು ಪ್ರೀತಿಯಿಂದ ನೋಡಿದರು. “ಚಲೋ ಐತಿ. ತಾಯಿ ಏನಂದ್ರು?”

“ಆಕಿ ಏನೂ ಅನ್ನೂದಿಲ್ರಿ. ಬೀಜದ ಗಡಿಗಿ ಹಮಾಲರು ಒಡದ್ರು, ಆವತ್ತಿನಿಂದ ಹೀಂಗ. ಪೇಟಿಯಿಂದ ಚಲೋ ಬೀಜ ತಂದಿಟ್ಟೇನಿ, ತಿರುಗಿ ಸುದ್ದಾ ನೋಡವಲ್ಲಳು.”

“ಹಿತ್ತಲ ನೋಡೂಣು ಬರ್ರಿ.”

ಅಜ್ಜನವರು ಕೋಲಿನಿಂದ ಕಸ ಸರಿಸುತ್ತ ಗೋಡೆಯ ಮೂಲೆಯವರೆಗೂ ನಡೆದರು. ಅಲ್ಲಿ ಕಸದ ಮೇಲೇರಿ ಒಂದು ಹೀರೆಬಳ್ಳಿ ಹಬ್ಬಿತ್ತು. ಹಳದಿ ಹೂ ಅರಳಿದ್ದವು, ಒಂದೆರಡು ಕಾಯಿ ಜೋತಾಡುತ್ತಿದ್ದವು. ಬುಡದಲ್ಲಿ ಗಡಿಗೆಯ ಬಾಯಿಯ ಚೂರು ಬಿದ್ದಿತ್ತು, ಅದಕ್ಕಿನ್ನೂ ಒಣಸಗಣಿ ಅಂಟಿಕೊಂಡಿತ್ತು. ಅಜ್ಜನವರು ಬಗ್ಗಿ ಆ ಚೂರನ್ನೆತ್ತಿ ಮಾಸ್ತರರ ಕೈಯಲ್ಲಿಟ್ಟರು.

“ಹಮಾಲರು ಇಲ್ಲೀತನಕ ಬಂದಿದ್ರೇನು?”

ಇಷ್ಟೇ ಕೇಳಿದ್ದು. ದನಿಯಲ್ಲಿ ಕಟಕಿ ಇರಲಿಲ್ಲ. ಜೋಳಿಗೆ ಹೆಗಲಿಗೇರಿಸಿ, “ನಿಮ್ಮ ಮನಿ ಭಿಕ್ಷಾ ನಾಳೆ” ಎಂದು ಹೊರಟುಹೋದರು.

ಮೊರದಲ್ಲಿ ಹಿಟ್ಟು ಹಿಡಿದುಕೊಂಡು ಶಿವಗಂಗವ್ವನವರು ಹಿಂಬಾಗಿಲಿಗೆ ಬಂದು ನಿಂತಿದ್ದರು. ಮಾಸ್ತರರು ಆ ಚೂರನ್ನು ಅವರ ಮುಂದೆ ಹಿಡಿದರು.

“ಹಮಾಲರು ಒಡೀಲಿಲ್ಲ. ನಾನ ಒಗದೆ. ಬಾಯಿಗೆ ಮೆತ್ತಿದ್ದ ಸಗಣಿ ಬಿರದಿತ್ತು, ಭಾಂಡೆ ತಿಕ್ಕೂ ಬೂದಿ ಅಂತ ತಿಳದೆ, ಹೊಸಾ ಮನ್ಯಾಗ ಯಾಕ ಬೇಕು ಅಂತ. ಆಮ್ಯಾಲೆ ನೀ ಅಳೂದು ನೋಡಿ ಹೇಳಾಕ ಧೈರ್ಯ ಆಗಲಿಲ್ಲ.”

“ಎರಡೂವರಿ ತಿಂಗಳಾತು!” ಆ ತಾಯಿಯ ದನಿ ಬಡಾವಣೆಗೆಲ್ಲ ಕೇಳಿಸಿತು. “ಆ ಹಮಾಲರ ಕೈ ಸೇದಿಹೋಗ್ಲಿ ಅಂತ ದಿನಾ ಶಾಪ ಹಾಕೇನಿ ನಾನು. ನಿಮ್ಮ ತಪ್ಪು ಯಾರ ತಲಿಗೆ ಕಟ್ಟಿದ್ರಿ?”

ಮೊರ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಮುಗಿಸಿ ಸೀರೆ ಮೇಲಕ್ಕೆ ಸಿಗಿಸಿಕೊಂಡು ಕಸದೊಳಗೆ ಇಳಿದರು. “ದೂರ ಸರೀರಿ, ಬಳ್ಳಿ ತುಳೀಬ್ಯಾಡ್ರಿ. ಇಲ್ಲೆ ಬದನಿ ಸಸಿನೂ ಐತಿ ನೋಡ್ರಿ... ಯವ್ವಾ, ನನ್ನ ತವರ್ಮನಿ ಬದನಿ!” ಜೆಸಿಬಿಯವನಿಗೆ ಬರಬೇಡವೆಂದು ಹೇಳಿದ್ದಾಯಿತು. ಸಂಜೆಯವರೆಗೆ ಗಂಡಹೆಂಡಿರಿಬ್ಬರೂ ಕೈಯಿಂದಲೇ ಕಸ ಕಿತ್ತರು. ಬಳ್ಳಿಯಿದ್ದ ಮೂಲೆಯನ್ನು ಬಿಟ್ಟು ಐದೇ ಮಡಿ ಮಾಡಬೇಕೆಂದು ಶಿವಗಂಗವ್ವನವರು ಹೇಳಿದರು. ಮಾಸ್ತರರು ತಮ್ಮ ಹಾಳೆಯಲ್ಲಿ ಒಂದು ಮಡಿ ಅಳಿಸಿದರು.

ಮರುದಿನ ಅಜ್ಜನವರು ಬಂದಾಗ ಆ ತಾಯಿ ಎರಡು ಹೀರೇಕಾಯಿಗಳನ್ನು ಮುಂದಿಟ್ಟರು. ಅಜ್ಜನವರು ಮುಟ್ಟಲಿಲ್ಲ.

“ಮೊದಲ ಕಾಯಿ ಶಾಪ ಉಂಡವರಿಗೆ, ತಾಯಿ” ಎಂದು ಒಂದು ಹಿಡಿ ಹಿಟ್ಟು ಮಾತ್ರ ತೆಗೆದುಕೊಂಡರು.

ಮಾಸ್ತರರು ಕಾಯಿಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಬೇವಿನ ಗಿಡದ ನೆರಳಲ್ಲಿ ಕುಳಿತಿದ್ದ ಮುದುಕ ಹಮಾಲ ದಾವಲಸಾಬರನ್ನು ಹುಡುಕಿ, ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದರು. ದಾವಲಸಾಬರು ಸಿಟ್ಟಾಗಲಿಲ್ಲ, ಅಚ್ಚರಿಪಟ್ಟರು.

“ಆ ಗಡಿಗಿ ಏನ್ರಿ? ಅದನ್ನ ನಾನ ಇಳಸಿದ್ದು. ಒಳಗ ಬೀಜ ಅದಾವು, ಹುಷಾರಪ್ಪಾ ಅಂತ ಅವ್ವಾರು ಹೇಳಿದ್ರು. ಕೂಸು ಹಿಡದಂಗ ಹಿಡಕೊಂಡ ಬಂದಿದ್ದೆ.”

ಯಾವ ಸ್ವಾಮಿಗೂ ಕೈಮುಗಿಯದ ಬಸವಣ್ಣೆಪ್ಪ ಮಾಸ್ತರರು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಆ ಎರಡು ಕೈಗಳನ್ನು ಹಿಡಿದು ತಮ್ಮ ಕಣ್ಣಿಗೊತ್ತಿಕೊಂಡರು.