ಸಂದಿಯ ಮೀನಿನ ಬಣ್ಣ

ಮುಳುಗುಗಾರನೊಬ್ಬನ ಟಾರ್ಚು ಕಡಲಾಳದ ಹವಳದ ಬಂಡೆಯ ಸಂದಿಯಲ್ಲಿದ್ದ ಪುಟ್ಟ ಮೀನಿನ ಮೇಲೆ ಬೆಳಕು ಚೆಲ್ಲಿ, "ಇಂಥ ಬಣ್ಣ ನಮ್ಮ ಯಜಮಾನರ ಪುಸ್ತಕದಲ್ಲೂ ಇಲ್ಲ. ನಿನ್ನದು ಯಾವ ಕುಲ?" ಎಂದು ಕೇಳಿತು.

"ನಾವು ಕರಿ ಮೀನುಗಳು ಸ್ವಾಮಿ. ನೆರೆಯವರಿಗೆ ಮುಖ ತೋರಿಸಲು ನಾಚಿ ಈ ಸಂದಿಯಲ್ಲೇ ಇರುವವರು" ಎಂದಿತು ಮೀನು.

"ಯಾರು ಹೇಳಿದರು? ನೀನು ದಾಸವಾಳದಂತೆ ಕೆಂಪಗಿದ್ದೀಯೆ. ಇಷ್ಟು ಆಳಕ್ಕೆ ಬಿಸಿಲಿನ ಕೆಂಪು ಇಳಿಯುವುದಿಲ್ಲ, ಅದಕ್ಕೇ ಕಪ್ಪಾಗಿ ಕಾಣುತ್ತೀಯೆ."

ಮೀನು ತನ್ನ ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿತು. "ಈ ಬೆಳಕನ್ನು ಅಮ್ಮನೂ ನೋಡಬೇಕಿತ್ತು. ತಾನು ಕಪ್ಪೆಂದು ಕೊರಗುತ್ತಲೇ ಬದುಕಿದಳು. ಮೊನ್ನೆ ಬಲೆಗೆ ಸಿಕ್ಕಿ ಮೇಲೆ ಹೋದಳು."

ಟಾರ್ಚು ತನ್ನ ಬೆಳಕನ್ನು ಮೇಲಕ್ಕೆ ತಿರುಗಿಸಿತು.

"ಮೇಲೆ ಬಿಸಿಲಿದೆ. ಉಸಿರು ನಿಲ್ಲುವ ಮುನ್ನ ಒಂದು ಗಳಿಗೆ ಅವಳೂ ನೋಡಿಕೊಂಡಿರುತ್ತಾಳೆ."